ಗುಳಿಗೆ ನುಂಗಿದರೂ ಕೀವು ನಿಲ್ಲುತ್ತಿಲ್ಲ: ಗುಳಿಗೆ ನಕಲಿಯೋ, ರೋಗಾಣುವೇ ಬದಲಾಗಿದೆಯೋ?

ಸೇಡಂ ರಸ್ತೆಯ ಓದುಗ:
ಕಲಬುರಗಿಯಲ್ಲಿ ನನ್ನೊಂದಿಗೆ ಒಂದೇ ಕೋಣೆಯಲ್ಲಿರುವ ಗೆಳೆಯರೊಬ್ಬರ ಪರವಾಗಿ ಕೇಳುತ್ತಿದ್ದೇನೆ. ಪುಣೆಯ ಕಟ್ಟಡ ಕೆಲಸದಿಂದ ಮರಳಿದ ಮೇಲೆ ಅವರಿಗೆ ಉರಿಮೂತ್ರ ಶುರುವಾಗಿ, ಜೊತೆಗೆ ಕೀವು ಕಾಣಿಸಿಕೊಂಡಿತು. ವೈದ್ಯರ ಮುಂದೆ ಹೇಳಿಕೊಳ್ಳಲು ನಾಚಿ, ಮೆಡಿಕಲ್ ಅಂಗಡಿಯಿಂದ ಸಿಪ್ರೊಫ್ಲಾಕ್ಸಾಸಿನ್ ತಂದು ನುಂಗಿದರು. ಉರಿ ತುಸು ತಗ್ಗಿತು, ಕೀವು ನಿಲ್ಲಲಿಲ್ಲ. ಬಳಿಕ ತಂದ ಅಜಿತ್ರೊಮೈಸಿನ್ ಕೂಡ ಅಷ್ಟಕ್ಕಷ್ಟೆ. ಗುಳಿಗೆಗಳೇ ನಕಲಿಯೆಂದು ಅವರ ಅನುಮಾನ. ಊರಿನಲ್ಲಿರುವ ಹೆಂಡತಿಗೆ ಯಾವ ತೊಂದರೆಯೂ ಇಲ್ಲದಿರುವುದರಿಂದ ಅವರಿಗೆ ತಿಳಿಸುವ ಅಗತ್ಯವಿಲ್ಲವೆಂದೂ ವಾದಿಸುತ್ತಾರೆ. ಇದು ಸರಿಯೇ?

ಸೂಕ್ಷ್ಮಾಣು ಪಾಠದವ, ಬೀದರ್:
ಪರೀಕ್ಷೆಯಿಲ್ಲದೆ ಯಾವ ರೋಗವೆಂದು ಹೇಳಲಾಗದು. ಲೈಂಗಿಕ ಸಂಪರ್ಕದಿಂದ ಅಂಟುವ ಗೊನೊರಿಯಾ ಇರಬಹುದು, ಅಂಥದ್ದೇ ಇನ್ನೊಂದು ರೋಗವಾದ ಕ್ಲಮೈಡಿಯಾ ಇರಬಹುದು, ಎರಡೂ ಒಟ್ಟಿಗೇ ಇರಬಹುದು. ಗೊನೊರಿಯಾ ಆಗಿದ್ದರೆ ಗುಳಿಗೆ ಅಸಲಿಯಾಗಿದ್ದೂ ಸೋಲುವುದರಲ್ಲಿ ಆಶ್ಚರ್ಯವಿಲ್ಲ. 1930ರ ದಶಕದಲ್ಲಿ ಬಂದ ಸಲ್ಫಾ ಔಷಧಗಳನ್ನು ಈ ರೋಗಾಣು ಕೆಲವೇ ವರ್ಷಗಳಲ್ಲಿ ಮೀರಿತು. ಪೆನಿಸಿಲಿನ್ನನ್ನೇ ಒಡೆದುಹಾಕುವ ಕಿಣ್ವವುಳ್ಳ ತಳಿಗಳು 1976ರಲ್ಲಿ ಪತ್ತೆಯಾದವು. ಸಿಪ್ರೊಫ್ಲಾಕ್ಸಾಸಿನ್ ಗುಂಪಿನ ಔಷಧಗಳನ್ನು ಅಮೆರಿಕ 2007ರಲ್ಲೇ ಈ ರೋಗದ ಚಿಕಿತ್ಸೆಯಿಂದ ಕೈಬಿಟ್ಟಿತು. ಈಗ ಮುಖ್ಯ ಆಸರೆಯಾಗಿರುವ ಸೆಫ್ಟ್ರಿಯಾಕ್ಸೋನ್ ಇಂಜೆಕ್ಷನ್‌ಗೂ ಬಗ್ಗದ ತಳಿಯೊಂದು 2009ರಲ್ಲಿ ಜಪಾನಿನ ಕ್ಯೋಟೊದಲ್ಲಿ ಸಿಕ್ಕಿತ್ತು.

ನಮ್ಮ ಗಂಟಲಿನಲ್ಲಿ ಇದೇ ಕುಲದ ನಿರುಪದ್ರವಿ ಬ್ಯಾಕ್ಟೀರಿಯಾಗಳು ಸದಾ ಇರುತ್ತವೆ. ಕೆಮ್ಮು, ನೆಗಡಿಗೆಲ್ಲ ಅಜಿತ್ರೊಮೈಸಿನ್ ನುಂಗಿದಾಗ ಅವು ಮೊದಲು ನಿರೋಧಕತೆ, ಅಂದರೆ ಔಷಧಕ್ಕೆ ಬಗ್ಗದ ಗುಣ, ಗಳಿಸುತ್ತವೆ. ಮುಂದೆ ಎಂದಾದರೂ ಗೊನೊರಿಯಾ ರೋಗಾಣು ಆ ಗಂಟಲನ್ನು ಸೇರಿದರೆ ಅವುಗಳ ಜೀನ್ ತುಣುಕುಗಳನ್ನು ಎತ್ತಿಕೊಂಡು ತನ್ನದಾಗಿಸಿಕೊಳ್ಳಬಲ್ಲದು. ಹೀಗಾಗಿ ಲೈಂಗಿಕ ರೋಗದ ಮಾತೇ ಇಲ್ಲದ ಮನೆಯಲ್ಲಿ ನುಂಗಿದ ಗುಳಿಗೆಯೂ ಈ ಲೆಕ್ಕಕ್ಕೆ ಸೇರುತ್ತದೆ. ಇಷ್ಟಾದರೂ ಎಲ್ಲ ಲೈಂಗಿಕ ರೋಗಗಳೂ ಹೀಗಲ್ಲ: ಸಿಫಿಲಿಸ್ ಇಂದಿಗೂ ಪೆನಿಸಿಲಿನ್‌ಗೆ ಮಣಿಯುತ್ತದೆ.

ಔಷಧಿ ಅಂಗಡಿಯವ, ಶಹಾಪುರ:
ನಕಲಿ ಗುಳಿಗೆ ಎಂಬ ದೂರು ನಮ್ಮ ಕೌಂಟರಿನಲ್ಲಿ ಹೊಸದಲ್ಲ. ಚೀಟಿಯಿಲ್ಲದೆ ಕೊಡಲು ಒಲ್ಲೆನೆಂದರೆ ಗಿರಾಕಿ ಪಕ್ಕದ ಅಂಗಡಿಗೆ ನಡೆಯುತ್ತಾನೆ ಎಂಬುದೂ ನಿಜ. 2014ರ ಮಾರ್ಚ್‌ನಿಂದ ಜಾರಿಯಲ್ಲಿರುವ, ಬಿಗಿ ನಿಯಮದ ಔಷಧಗಳ ಎಚ್‌1 ಪಟ್ಟಿಯಲ್ಲಿ ಸೆಫಿಕ್ಸಿಮ್‌ನಂತಹ ಔಷಧಗಳಿದ್ದು, ಅವನ್ನು ಮಾರಿದಾಗ ವೈದ್ಯರ ಮತ್ತು ರೋಗಿಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆದಿಡಬೇಕು. ಅಜಿತ್ರೊಮೈಸಿನ್‌ಗೂ ಚೀಟಿ ಬೇಕು. ಕಾನೂನಿಗೆ ಕೊರತೆಯಿಲ್ಲ, ಪಾಲಿಸುವವರಿಗೆ ಇದೆ ಎಂಬುದು ನನ್ನ ಅನಿಸಿಕೆ.

ಮಾಜಿ ಆಪ್ತಸಮಾಲೋಚಕಿ, ಯಾದಗಿರಿ:
ಹೆಂಡತಿಯ ವಿಷಯದಲ್ಲಿ ನಿಮ್ಮ ಗೆಳೆಯರು ಹೇಳುತ್ತಿರುವುದು ಸರಿಯಲ್ಲ. ಗೊನೊರಿಯಾ, ಕ್ಲಮೈಡಿಯಾ ಅಂಟಿದ ಅನೇಕ ಹೆಣ್ಣುಮಕ್ಕಳಲ್ಲಿ ಲಕ್ಷಣಗಳೇ ಇರುವುದಿಲ್ಲ. ಒಳಗೊಳಗೇ ಸೋಂಕು ಗರ್ಭನಾಳಕ್ಕೆ ಏರಿ ಬಂಜೆತನಕ್ಕೂ ನಾಳದಲ್ಲೇ ಗರ್ಭ ನಿಲ್ಲುವ ಅಪಾಯಕ್ಕೂ ಕಾರಣವಾಗುತ್ತದೆ, ಹೆರಿಗೆಯಲ್ಲಿ ಕೂಸಿನ ಕಣ್ಣಿಗೂ ತಗಲುತ್ತದೆ. ಒಬ್ಬರಿಗಷ್ಟೇ ಚಿಕಿತ್ಸೆಯಾದರೆ ಇನ್ನೊಬ್ಬರಿಂದ ಮತ್ತೆ ಅಂಟುತ್ತದೆ, ಅದನ್ನೂ ಗುಳಿಗೆಯ ದೋಷವೆಂದೇ ಜನ ತಿಳಿಯುತ್ತಾರೆ. ಪುಣೆ, ಮುಂಬಯಿ, ಹೈದರಾಬಾದಿಗೆ ದುಡಿಯಲು ಹೋಗಿ ಬರುವವರು ನಮ್ಮ ಭಾಗದಲ್ಲಿ ಬಹಳ. ನಗರದ ಸೋಂಕು ಹಳ್ಳಿಯ ಮನೆಗೆ ಬರುವ ದಾರಿಗಳಲ್ಲಿ ಅದೂ ಒಂದು, ಆದರೆ ಅದಕ್ಕಾಗಿ ದುಡಿಯುವವರನ್ನು ದೂರುವುದರಿಂದ ಪ್ರಯೋಜನವಿಲ್ಲ.

ಜಿಲ್ಲಾಸ್ಪತ್ರೆಯಲ್ಲಿ ಲೈಂಗಿಕ ರೋಗಗಳಿಗೆಂದಿರುವ ಸುರಕ್ಷಾ ಕ್ಲಿನಿಕ್‌ನಲ್ಲಿ ಗಂಡಹೆಂಡಿರಿಬ್ಬರಿಗೂ ಉಚಿತ ಚಿಕಿತ್ಸೆಯಿದೆ. ಎಚ್‌ಐವಿ, ಸಿಫಿಲಿಸ್ ರಕ್ತಪರೀಕ್ಷೆಯನ್ನೂ ಮಾಡಿಸಿಕೊಳ್ಳಲಿ. ಮೊದಲು ಯಾರೊಡನಾದರೂ ಮಾತನಾಡಬೇಕೆನಿಸಿದರೆ 1097 ಉಚಿತ ಸಹಾಯವಾಣಿಯಿದೆ, ಹೆಸರು ಹೇಳಬೇಕಿಲ್ಲ.

ಸೇಡಂ ರಸ್ತೆಯ ಓದುಗ:
ಮೇಡಂ, ನಿಮ್ಮ ಉತ್ತರವನ್ನು ಅವರಿಗೆ ಓದಿ ಹೇಳಿದೆ. ಆಸ್ಪತ್ರೆಗೆ ಬರಲು ಒಪ್ಪಿದ್ದಾರೆ. ಸರ್, ಈಗಾಗಲೇ ಗುಳಿಗೆ ನುಂಗಿರುವುದರಿಂದ ಪರೀಕ್ಷೆ ಕೆಡುತ್ತದೆಯೇ?

ಸೂಕ್ಷ್ಮಾಣು ಪಾಠದವ, ಬೀದರ್:
ಮಾದರಿಯಲ್ಲಿನ ರೋಗಾಣುವನ್ನು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಅದು ಬೆಳೆಯದೇ ಹೋಗಬಹುದು, ಆದರೂ ಮಾದರಿ ಕೊಡಲಿ. ಖಾಲಿ ಗುಳಿಗೆ ಪಟ್ಟಿಗಳನ್ನು ಜೊತೆಗೆ ಒಯ್ದು, ಯಾವುದನ್ನು ಎಷ್ಟು ದಿನ ನುಂಗಿದರೆಂದು ವೈದ್ಯರಿಗೆ ತಿಳಿಸಲಿ. ಅಲ್ಲಿಯವರೆಗೆ ಅಂಗಡಿಯಿಂದ ಮೂರನೆಯ ಬಗೆಯ ಗುಳಿಗೆ ತರುವುದು ಬೇಡ, ಗಂಡಹೆಂಡಿರಿಬ್ಬರ ಚಿಕಿತ್ಸೆಯೂ ಮುಗಿಯುವ ತನಕ ಲೈಂಗಿಕ ಸಂಪರ್ಕವೂ ಬೇಡ.