ಅಮ್ಮ ಕಳಿಸಿದ ಪಾರ್ಸೆಲ್‌ಗೆ 32 ಪೌಂಡ್ ಕಟ್ಟಿದೆ, ಇದು ಸರಿಯಾ?

ಸ್ವಿಂಡನ್‌ನಿಂದ:

ಎಲ್ಲರಿಗೂ ನಮಸ್ಕಾರ. ನಾವು ಇಂಗ್ಲೆಂಡಿಗೆ ಬಂದು ಏಳು ತಿಂಗಳಾಯ್ತು. ಮಗಳಿಗೆ ಆರು ವರ್ಷ, ಮಗನಿಗೆ ಮೂರು. ಮಗಳ ಹುಟ್ಟುಹಬ್ಬ ಅಂತ ಅಮ್ಮ ದಾವಣಗೆರೆಯಿಂದ ಅವಳಿಗೆ ಲಂಗ-ರವಿಕೆ, ಇವನಿಗೆ ಚನ್ನಪಟ್ಟಣದ ಮರದ ಆಟಿಕೆ, ಇಬ್ಬರಿಗೂ ಕನ್ನಡ ಕಥೆ ಪುಸ್ತಕ ಕೊರಿಯರ್ ಮಾಡಿದ್ದರು. ಸಾಮಾನಿನ ಬೆಲೆ ನಮ್ಮ ಲೆಕ್ಕದಲ್ಲಿ 54 ಪೌಂಡ್. ಕೊರಿಯರ್‌ಗೆ ಅಲ್ಲೇ 46 ಪೌಂಡಿನಷ್ಟು ಕೊಟ್ಟಿದ್ದಾರೆ. ಇಲ್ಲಿ ಡಬ್ಬ ಬರುವ ಮೊದಲೇ ಇನ್ನೂ 32 ಪೌಂಡ್ ಕಟ್ಟಿ ಅಂತ ಬಂತು, ಕಟ್ಟಿದೆ. ಅಮ್ಮನಿಗೆ ಹೇಳಿದ್ದೇ ತಪ್ಪಾಯ್ತು, "ಇನ್ಮೇಲೆ ಏನೂ ಕಳಿಸಲ್ಲ ಬಿಡು" ಅಂದುಬಿಟ್ಟರು. ಯಾರಾದರೂ ಇದರ ಲೆಕ್ಕ ಬಿಡಿಸಿ ಹೇಳ್ತೀರಾ?

ರೀಡಿಂಗ್‌ನಿಂದ:

ತಂಗಿ, ಮೊದಲು ಅಮ್ಮನಿಗೆ ಫೋನ್ ಮಾಡಿ, ಕಳಿಸೋದು ನಿಲ್ಲಿಸಬೇಡಿ ಅಂತ ಹೇಳಿ. ತಪ್ಪು ಅವರದೂ ಅಲ್ಲ, ನಿಮ್ಮದೂ ಅಲ್ಲ. ಡಬ್ಬದ ಮೇಲೆ ಅಂಟಿಸಿದ್ದ ಕಾಗದದ್ದು. ಅದರಲ್ಲಿ ಏನು ಬರೆದಿತ್ತು ನೋಡಿದಿರಾ?

ಸ್ವಿಂಡನ್‌ನಿಂದ:

ನೋಡಿದೆ ಅಕ್ಕಾ. ಕೊರಿಯರ್ ಅಂಗಡಿಯವರೇ ತುಂಬಿದ್ದಂತೆ. "ಗಿಫ್ಟ್ ಐಟಮ್ಸ್" ಅಂತ ಒಂದೇ ಸಾಲು, ಮುಂದೆ ಒಟ್ಟು ಬೆಲೆ.

ರೀಡಿಂಗ್‌ನಿಂದ:

ಅಂದುಕೊಂಡ ಹಾಗೇ ಆಯ್ತು. ಹದಿನಾರು ವರ್ಷದಿಂದ ಇಲ್ಲಿದ್ದೇನೆ, ಎರಡು ಮಕ್ಕಳನ್ನು ಕನ್ನಡ ಪುಸ್ತಕ ಓದಿಸಿಯೇ ಬೆಳೆಸಿದ್ದೇನೆ. ಆ ಒಂದೇ ಸಾಲಿಗೆ ನಾನೂ ದುಡ್ಡು ಕಟ್ಟಿದ್ದೇನೆ. ಅದಕ್ಕೇ ಸ್ವಲ್ಪ ಉದ್ದಕ್ಕೆ ಬರೀತೀನಿ.

ಊರಿಂದ ಯಾರಾದರೂ ಉಡುಗೊರೆ ಕಳಿಸಿದರೆ ಬ್ರಿಟನ್ನಿನಲ್ಲಿ 39 ಪೌಂಡಿನವರೆಗೆ ವ್ಯಾಟ್, ಅಂದರೆ ಸಾಮಾನಿನ ಮೇಲಿನ ತೆರಿಗೆ, ಇಲ್ಲ. ಅದನ್ನು ದಾಟಿದರೆ, ದಾಟಿದಷ್ಟಕ್ಕೆ ಮಾತ್ರ ಅಲ್ಲ, ಪೂರ್ತಿ ಬೆಲೆಗೆ ಬೀಳುತ್ತೆ. ಅದೂ ಸಾಮಾನಿನ ಬೆಲೆ ಮೇಲಷ್ಟೇ ಅಲ್ಲ, ಸಾಗಣೆ ಖರ್ಚನ್ನೂ ಸೇರಿಸಿ ಲೆಕ್ಕ ಹಾಕ್ತಾರೆ. ನಿಮ್ಮದು 54ಕ್ಕೆ 46 ಸೇರಿ 100 ಆಯ್ತು. ವ್ಯಾಟ್ ದರ ಶೇಕಡ 20, ಅಂದರೆ 20 ಪೌಂಡ್. ಉಳಿದ 12 ಸರ್ಕಾರದ್ದಲ್ಲ, ನಿಮ್ಮ ಪರವಾಗಿ ಮುಂಗಡ ಟ್ಯಾಕ್ಸ್ ಕಟ್ಟಿದ್ದಕ್ಕೆ ಕೊರಿಯರ್‌ನವರು ಹಾಕಿದ ಫೀಸು.

ಈಗ ನೋಡಿ, ಇಲ್ಲಿ ಪುಸ್ತಕಕ್ಕೆ ವ್ಯಾಟ್ ಸೊನ್ನೆ. ಚಿಕ್ಕ ಮಕ್ಕಳ ಬಟ್ಟೆಗೂ ಸೊನ್ನೆ. ಹೊರದೇಶದಿಂದ ಬಂದರೂ ಅದೇ ದರ. ನಿಮ್ಮ ಡಬ್ಬದಲ್ಲಿ ಟ್ಯಾಕ್ಸ್ ಬೀಳಬೇಕಾಗಿದ್ದದ್ದು ಆಟಿಕೆಗೆ ಮಾತ್ರ. "ಗಿಫ್ಟ್ ಐಟಮ್ಸ್" ಅಂದರೆ ಒಳಗೆ ಪುಸ್ತಕ ಇದೆಯೋ ಪಾತ್ರೆ ಇದೆಯೋ ಕಸ್ಟಮ್ಸ್‌ನವರಿಗೆ ಹೇಗೆ ಗೊತ್ತಾಗಬೇಕು? ಎಲ್ಲಕ್ಕೂ ಶೇಕಡ 20 ಹಾಕಿದರು.

ಇನ್ನೊಂದು ವಿಷಯ ನಮ್ಮವರಲ್ಲಿ ಎಷ್ಟೋ ಜನಕ್ಕೆ ಗೊತ್ತಿಲ್ಲ. ಆ 39 ಪೌಂಡ್ ಡಬ್ಬಕ್ಕಲ್ಲ, ಒಬ್ಬೊಬ್ಬರಿಗೆ. ಮಗಳದ್ದು ಒಂದು ಪೊಟ್ಟಣ, ಮಗನದ್ದು ಇನ್ನೊಂದು. ಬೇರೆ ಬೇರೆ ಸುತ್ತಿ, ಮೇಲೆ ಅವರವರ ಹೆಸರು ಬರೆದು, ಕಸ್ಟಮ್ಸ್ ಕಾಗದದಲ್ಲೂ ಹಾಗೇ ಬೇರೆ ಬೇರೆ ತೋರಿಸಿದರೆ ಒಂದೇ ಡಬ್ಬದಲ್ಲಿ ಬಂದರೂ ಇಬ್ಬರಿಗೂ ಆ ರಿಯಾಯ್ತಿ ಸಿಗುತ್ತೆ. ನಿಮ್ಮ 54 ಪೌಂಡ್ ಹೀಗೆ ಎರಡು ಪಾಲಾಗಿ, ಒಂದೊಂದೂ 39ರೊಳಗೆ ಇದ್ದಿದ್ದರೆ ಒಂದು ಪೈಸೆಯೂ ಕಟ್ಟಬೇಕಿರಲಿಲ್ಲ.

ಕಡಿಮೆ ಬೆಲೆ ಬರೆಸೋ ಸಲಹೆ ಕೊಡುವವರು ಸಿಗ್ತಾರೆ. ದಯವಿಟ್ಟು ಬೇಡ. ಅನುಮಾನ ಬಂದರೆ ಕಸ್ಟಮ್ಸ್‌ನವರು ಅವರೇ ಬೆಲೆ ಕಟ್ಟುತ್ತಾರೆ. ಡಬ್ಬ ಕಳೆದುಹೋದರೆ ನೀವು ಬರೆದಷ್ಟಕ್ಕಿಂತ ಹೆಚ್ಚು ಪರಿಹಾರ ಕೇಳೋಕೂ ಆಗಲ್ಲ. ನಿಜ ಬರೆದೇ ಸೊನ್ನೆ ಬರುವಾಗ ಸುಳ್ಳು ಯಾಕೆ?

ಡಬ್ಬದ ಅಳತೆ ಎಷ್ಟಿತ್ತು?

ಸ್ವಿಂಡನ್‌ನಿಂದ:

45, 40, 30 ಸೆಂಟಿಮೀಟರ್. ತೂಕ ಆರು ಕೆಜಿ, ಬಿಲ್ಲಿನಲ್ಲಿ 11 ಅಂತ ಇದೆ. ಅದೂ ಮೋಸ ಅಂದುಕೊಂಡಿದ್ದೆ.

ರೀಡಿಂಗ್‌ನಿಂದ:

ಮೋಸ ಅಲ್ಲ. ಕೊರಿಯರ್‌ನವರ ಲೆಕ್ಕದಂತೆ ಮೂರನ್ನೂ ಗುಣಿಸಿ 5000ದಿಂದ ಭಾಗಿಸಿ: 10.8 ಬರುತ್ತೆ, ಅದೇ 11 ಆಗಿದೆ. ವಿಮಾನದಲ್ಲಿ ಜಾಗಕ್ಕೂ ಬೆಲೆ ಇದೆ, ಹಾಗಾಗಿ ನಿಜವಾದ ತೂಕ, ಈ ಲೆಕ್ಕದ ತೂಕ, ಯಾವುದು ಹೆಚ್ಚೋ ಅದಕ್ಕೆ ದುಡ್ಡು. ಆಟಿಕೆಯ ದೊಡ್ಡ ರಟ್ಟಿನ ಪೆಟ್ಟಿಗೆ ತೆಗೆಸಿ, ಲಂಗದಲ್ಲೇ ಸುತ್ತಿಸಿ ಚಿಕ್ಕ ಡಬ್ಬದಲ್ಲಿ ಇಡಿಸಿ. ಅಮ್ಮನ ಕೈಯಿಂದ ಹೋಗುವ ದುಡ್ಡಿನಲ್ಲಿ ಸಾಕಷ್ಟು ಅಲ್ಲೇ ಉಳಿಯುತ್ತೆ.

ಲೀಡ್ಸ್‌ನಿಂದ:

ಅಕ್ಕಾ, ನಾವೇ ಬೆಂಗಳೂರಿನ ವೆಬ್‌ಸೈಟಿನಿಂದ ತರಿಸಿಕೊಂಡರೂ ಇದೇ ಲೆಕ್ಕವಾ?

ರೀಡಿಂಗ್‌ನಿಂದ:

ಇಲ್ಲಪ್ಪ, ನೀವು ದುಡ್ಡು ಕೊಟ್ಟು ತರಿಸಿಕೊಂಡಿದ್ದು ಉಡುಗೊರೆ ಆಗಲ್ಲ, ಅಂಗಡಿಯವರು ಗಿಫ್ಟ್ ಅಂತ ಬರೆದರೂ ಆಗಲ್ಲ. 2021ರ ಜನವರಿ 1ರಿಂದ, 135 ಪೌಂಡಿನವರೆಗಿನ ಆರ್ಡರಿಗೆ ಮಾರುವವರೇ ವ್ಯಾಟ್ ಸೇರಿಸಿ ವಸೂಲಿ ಮಾಡಬೇಕು. 135 ದಾಟಿದರೆ ವ್ಯಾಟ್ ಗಡಿಯಲ್ಲಿ, ಜೊತೆಗೆ ಸಾಮಾನಿಗೆ ತಕ್ಕ ಹಾಗೆ ಕಸ್ಟಮ್ಸ್ ಡ್ಯೂಟಿ. ಆ 135 ಪೂರ್ತಿ ಪಾರ್ಸೆಲ್ಲಿನ ಲೆಕ್ಕ, ಒಂದು ಸೀರೆಯದ್ದಲ್ಲ. ದುಡ್ಡು ಕೊಡುವ ಮೊದಲು, ಡ್ಯೂಟಿ ಟ್ಯಾಕ್ಸ್ ಎಲ್ಲಾ ಸೇರಿದೆಯಾ ಅಂತ ಅವರನ್ನೇ ಕೇಳಿ, ಉತ್ತರ ಬರಹದಲ್ಲಿ ಇಟ್ಟುಕೊಳ್ಳಿ.

ಮತ್ತೆ, ಪಾರ್ಸೆಲ್ ಫೀಸು ಬಾಕಿ ಇದೆ ಅಂತ ಮೆಸೇಜಿನಲ್ಲಿ ಬರುವ ಲಿಂಕ್ ಒತ್ತಬೇಡಿ. ಟ್ರ್ಯಾಕಿಂಗ್ ನಂಬರನ್ನು ನೀವೇ ಕೊರಿಯರ್‌ನವರ ಸೈಟಿನಲ್ಲಿ ಹಾಕಿ ನೋಡಿ.

ಸ್ವಿಂಡನ್‌ನಿಂದ:

ಕಟ್ಟಿದ್ದು ವಾಪಸ್ ಬರುತ್ತಾ ಅಕ್ಕಾ?

ರೀಡಿಂಗ್‌ನಿಂದ:

ವ್ಯಾಟ್ ಹೆಚ್ಚು ಹಾಕಿದ್ದರೆ ಕೇಳಬಹುದು. ಕೊರಿಯರ್‌ನಲ್ಲಿ ಬಂದಿದ್ದಕ್ಕೆ ಸಿ285 ಅರ್ಜಿ, ಅಂಚೆಯಲ್ಲಿ ಬಂದಿದ್ದಕ್ಕೆ ಬಿಓಆರ್ 286. ಡಬ್ಬದ ಮೇಲಿನ ಚೀಟಿ, ಬಿಲ್ಲು, ಪುಸ್ತಕದಂಗಡಿ ರಸೀದಿ ಎಲ್ಲಾ ಇಟ್ಟಿರಬೇಕು. ನಾನು ಒಮ್ಮೆ ಮಗನ ಪುಸ್ತಕಗಳಿಗೆ ಕಟ್ಟಿದ್ದನ್ನು ಹೀಗೇ ವಾಪಸ್ ಪಡೆದೆ. ವಾರಗಟ್ಟಲೆ ಕಾದೆ, ಆದರೆ ಬಂತು.

ಸ್ವಿಂಡನ್‌ನಿಂದ:

ಚೀಟಿ ಇದೆ, ಡಬ್ಬ ಇನ್ನೂ ಬಿಸಾಕಿಲ್ಲ. ಏಪ್ರಿಲ್‌ನಲ್ಲಿ ಅಮ್ಮನೇ ಬರ್ತಿದ್ದಾರೆ, ಈಗ ಧೈರ್ಯವಾಗಿ ಪಟ್ಟಿ ಕೊಡ್ತೀನಿ.

ರೀಡಿಂಗ್‌ನಿಂದ:

ಕೊಡಿ! ವಿಮಾನದಲ್ಲಿ ಬರುವವರು ತಮ್ಮ ಬಳಕೆಗೋ ಉಡುಗೊರೆಗೋ 390 ಪೌಂಡಿನವರೆಗಿನ ಸಾಮಾನನ್ನು ಟ್ಯಾಕ್ಸ್ ಇಲ್ಲದೆ ತರಬಹುದು. ಪುಸ್ತಕದ ಭಾರ ಅಷ್ಟನ್ನೂ ಅವರ ಸೂಟ್‌ಕೇಸಿಗೆ ಹಾಕಿಸಿ. ತುಪ್ಪ, ಪೇಡ, ಖೋವಾ ಮಾತ್ರ ಬೇಡ, ಹಾಲಿನ ಪದಾರ್ಥವನ್ನು ಏರ್‌ಪೋರ್ಟಿನಲ್ಲೇ ತೆಗೆದುಹಾಕ್ತಾರೆ. ಹಸಿ ಕರಿಬೇವನ್ನೂ ಕಟ್ಟಬೇಡಿ ಅಂತ ಹೇಳಿ. ಮಗಳು ಮುಗಿಸಿದ ಪುಸ್ತಕ ಇದ್ದರೆ ನನಗೆ ತಿಳಿಸಿ, ನಮ್ಮ ಶನಿವಾರದ ಕನ್ನಡ ಕಲಿಕೆಯಲ್ಲಿ ಅದೇ ವಯಸ್ಸಿನ ನಾಲ್ಕು ಮಕ್ಕಳಿದ್ದಾರೆ.