ಸೋಮವಾರ ಸ್ಲ್ಯಾಬ್ ಐತಿ: ಸೋಲಾರ್ ಸಲುವಾಗಿ ಈಗ ಏನೇನು ಪೈಪ್ ಬಿಡಬೇಕು? (ಬಾಗಲಕೋಟೆ, ನವನಗರ)

ನವನಗರ_ಮನಿ
ನಮಸ್ಕಾರ್ರಿ. ನವನಗರದಾಗ 30×40 ಸೈಟಿನ್ಯಾಗ ಮನಿ ನಡದೈತಿ. ಗುತ್ತಿಗಿ ಕೊಟ್ಟಿಲ್ಲ, ಗೌಂಡಿ, ಸೆಂಟ್ರಿಂಗ್‌ನವರು, ವಾಯರಮನ್ ಎಲ್ಲಾ ಬ್ಯಾರೆ ಬ್ಯಾರೆ. ಕಬ್ಬಿಣ ಕಟ್ಟೂದು ಮುಗೀಲಿಕ್ಕೆ ಬಂದೈತಿ, ಸೋಮವಾರ ಸ್ಲ್ಯಾಬ್.

ಪಡಸಾಲಿ, ಎರಡು ಬೆಡ್‌ರೂಮ್, ಅಡಗಿಮನಿ, ದೇವರ ಖೋಲಿ. ಫ್ಯಾನ್ 4, ಲೈಟ್ ಹತ್ತು-ಹನ್ನೆರಡು, ಫ್ರಿಜ್, ಟಿವಿ, ವಾಷಿಂಗ್ ಮಷೀನ್, ಬೋರ್‌ಗೆ 1 ಎಚ್‌ಪಿ ಮೋಟರ್. ಒಂದು ಖೋಲಿಗೆ 1.5 ಟನ್ ಎಸಿ ಬ್ಯಾಸಿಗ್ಯಾಗ ಅಷ್ಟ. ಗೀಸರ್ ಬದ್ಲಿ ಬಿಸಿನೀರಿನ ಸೋಲಾರ್ ಕೂಡಸೂದು. ನಾಕೈದು ವರ್ಷ ಬಿಟ್ಟು ಮ್ಯಾಲ ಒಂದು ಅಂತಸ್ತು ಕಟ್ಟೂ ವಿಚಾರ ಐತಿ.

ವಾಯರಮನ್ ಹೇಳೂದು: "ಸೋಲಾರ್ ಪೈಪ್ ಆಮ್ಯಾಲ ಗ್ವಾಡಿ ಹೊರಗಿಂದ ಕ್ಲ್ಯಾಂಪ್ ಹೊಡದು ಇಳಸೂಣು, ಈಗ ಬ್ಯಾಡ." ಇದು ಸರಿ ಏನ್ರಿ? ಎಷ್ಟು ಕಿಲೋವ್ಯಾಟ್ ಬೇಕು? ಸೋಲಾರ್ ಇದ್ರ ಕರೆಂಟ್ ಹೋದಾಗ ಮನಿ ನಡೀತೈತೋ ಇಲ್ಲೋ? ನಮ್ಮದು ಎರಿ ಮಣ್ಣು, ಅರ್ಥಿಂಗ್ ಬಗ್ಗೇನೂ ಹೇಳ್ರಿ.

ವಾಯರ್_ಮಾಸ್ತರ (ವಿಜಯಪುರ)
ಸರ, ಪ್ಯಾನಲ್ ಯಾವಾಗ ಬೇಕಾದ್ರೂ ತರಬಹುದು, ಸ್ಲ್ಯಾಬಿನ್ಯಾಗಿನ ಪೈಪ್ ಸೋಮವಾರ ಬಿಟ್ರ ಮತ್ತ ಬರೂದಿಲ್ಲ. ಅದಕ್ಕ ಮೊದಲು ಅದನ್ನ ಮುಗಸ್ರಿ.

ಮಾಳಗಿಯಿಂದ ಡಿಬಿ (ಮನಿ ಕರೆಂಟ್ ಹಂಚೂ ಬೋರ್ಡ್) ಗ್ವಾಡಿಗೆ ಮೂರು ಪೈಪ್ ಇಳೀಬೇಕು, ಎಲ್ಲಾ 25 ಎಂಎಂ ಹೆವಿ ಪಿವಿಸಿ. ಒಂದು ಪ್ಯಾನಲ್‌ನ ಡಿಸಿ ವಾಯರಿಗೆ. ಎರಡನೇದು ಖಾಲಿ, ಒಳಗ ನೈಲಾನ್ ಹಗ್ಗ ಎಳದು ಎರಡೂ ಕಡೆ ಬೂಚು ಹೊಡದು ಇಡೂದು. ಮೂರನೇದು ಬಿಸಿನೀರಿನ ಸೋಲಾರಿನ ಬ್ಯಾಕಪ್ ಹೀಟರಿಗೆ, ಅದಕ್ಕ 4 ಸ್ಕ್ವೇರ್ ಎಂಎಂ ವಾಯರ್, 20 ಆಂಪ್ ಎಂಸಿಬಿ (ಲೋಡ್ ಹೆಚ್ಚಾದ್ರ ತಾನ ಬೀಳೂ ಸ್ವಿಚ್). ಡಿಸಿ (ಪ್ಯಾನಲ್ ಕೊಡೂ ಕರೆಂಟ್) ಮತ್ತು ಎಸಿ (ಮನಿಗೆ ಬರೂ ಲೈನ್ ಕರೆಂಟ್) ವಾಯರ್ ಒಂದ ಪೈಪಿನ್ಯಾಗ ಹಾಕಾಕ ಬ್ಯಾಡ್ರಿ. ಆರು ಪ್ಯಾನಲ್ ಸಾಲಾಗಿ ಜೋಡಿಸಿದ್ರ 300 ವೋಲ್ಟ್ ಡಿಸಿ ಆಗತೈತಿ. ಎಲ್ಲೋ ಒಂದು ಕಡೆ ಸಿಪ್ಪಿ ಸುಲದು ಎಸಿ ವಾಯರಿಗೆ ತಾಗಿತಂದ್ರ ಮನಿ ತುಂಬ ಡಿಸಿ ಓಡಾಡತೈತಿ.

ಪೈಪ್ ಸ್ಲ್ಯಾಬಿನ ನಟ್ಟನಡುವ ಮ್ಯಾಲ ತೆಗೀಬ್ಯಾಡ್ರಿ, ಮಳಿ ನೀರು ಅದರ ಬುಡದಾಗ ಇಳದು ಒಳಗ ಸೋರತೈತಿ. ಹೆಡ್‌ರೂಮ್ (ಮೆಟ್ಟಿಲ ಮ್ಯಾಲಿನ ಖೋಲಿ) ಗ್ವಾಡ್ಯಾಗ ಒಂದು ಅಡಿ ಎತ್ತರಕ್ಕ ಹೊರಗ ತಗದು, ಬಾಯಿ ಕೆಳಗ ಮಾಡಿ ಬೆಂಡ್ ಹಾಕ್ರಿ. ಇನ್ನೊಂದು: 5 ಇಂಚಿನ ಸ್ಲ್ಯಾಬಿನ್ಯಾಗ ಮೂರು ಪೈಪ್ ಒಂದರ ಮ್ಯಾಲ ಒಂದು ಹಾಯಬಾರದು. ಅಲ್ಲಿ ಕಾಂಕ್ರೀಟ್ ತೆಳ್ಳಗಾಗಿ ಬಿರುಕು ಬಿಡತೈತಿ. ಪೈಪ್ ಕೆಳಗಿನ ಕಬ್ಬಿಣದ ಮ್ಯಾಲ ಇರಬೇಕು, ಸೆಂಟ್ರಿಂಗ್ ಹಲಗಿ ಮ್ಯಾಲ ಬಿದ್ದಿರಬಾರದು. ಜಾಯಿಂಟಿಗೆ ಸಲ್ಯೂಷನ್ ಹಚ್ಚದ ಹಂಗ ತೂರಿಸಿದ್ರ ವೈಬ್ರೇಟರ್ ಹೊಡದಾಗ ಬಿಚ್ಚಿ ಒಳಗ ಸಿಮೆಂಟಿನ ಹಾಲು ತುಂಬತೈತಿ, ಆಮ್ಯಾಲ ವಾಯರ್ ಎಳದ್ರ ಬರೂದಿಲ್ಲ. ವಾಯರಮನ್ "ನಡೀತೈತಿ ಬಿಡ್ರಿ" ಅನ್ನೂದು ಹೆಚ್ಚಾಗಿ ಇಂಥಲ್ಲೇ.

ಮೀಟರ್ ಬೋರ್ಡಿನಿಂದ ಡಿಬಿಗೆ 40 ಎಂಎಂ ಪೈಪ್ ಬಿಡ್ರಿ. ಇವತ್ತು ಸಿಂಗಲ್ ಫೇಸ್ ತಗೊಂಡ್ರೂ ಮ್ಯಾಲಿನ ಅಂತಸ್ತು ಕಟ್ಟಿದಾಗ ಮೂರು ಫೇಸಿನ ವಾಯರ್ ಅದರಾಗ ಹೊಕ್ಕೊಂಡು ಹೋಗತಾವ. ಡಿಬಿ ಮೊದಲ 12 ವೇ (12 ಎಂಸಿಬಿ ಹಿಡಿಯೂದು) ತರ್ರಿ, 8 ವೇ ತಂದ್ರ ಸೋಲಾರ್ ಎಂಸಿಬಿಗೆ ಜಾಗನ ಉಳಿಯೂದಿಲ್ಲ.

ಬಿಸಿಲ್_ಲೆಕ್ಕ (ಬೆಳಗಾವಿ)
ಪೈಪಿನ ಮಾತು ಸರಿ. ಕಿಲೋವ್ಯಾಟ್ ಲೆಕ್ಕ ಹೀಗೆ ಹಾಕಿ.

ಬಿಎಲ್‌ಡಿಸಿ ಫ್ಯಾನ್ (ಕಮ್ಮಿ ಕರೆಂಟ್ ತಿನ್ನುವ ಹೊಸ ಮಾದರಿ) ತಂದರೆ ಒಂದಕ್ಕೆ 30 ವ್ಯಾಟ್. ನಾಲ್ಕು ಫ್ಯಾನ್ ದಿನಕ್ಕೆ 12 ತಾಸು ತಿರುಗಿದರೆ 1.44 ಯೂನಿಟ್ (ಹಳೇ ಮಾದರಿಯ 75 ವ್ಯಾಟಿನವಾದರೆ 3.6). ಲೈಟ್ ಅರ್ಧ ಯೂನಿಟ್, ಫ್ರಿಜ್ 1, ಟಿವಿ ಮತ್ತು ರೂಟರ್ 0.4. 1 ಎಚ್‌ಪಿ ಮೋಟರ್ ಅಂದರೆ 746 ವ್ಯಾಟ್ ಎಂದು ಬರೆದಿರುತ್ತದೆ, ಎಳೆಯುವುದು 1,000ರಿಂದ 1,100. ಅರ್ಧ ತಾಸಿಗೆ ಅರ್ಧ ಯೂನಿಟ್‌ಗಿಂತ ತುಸು ಜಾಸ್ತಿ. ಮಿಕ್ಸರ್, ವಾಷಿಂಗ್ ಮಷೀನ್ ಸೇರಿ 0.4. ಒಟ್ಟು ದಿನಕ್ಕೆ ನಾಲ್ಕೂಕಾಲು, ತಿಂಗಳಿಗೆ 130ರ ಆಸುಪಾಸು. ಏಪ್ರಿಲ್-ಮೇನಲ್ಲಿ ಎಸಿ 6 ತಾಸು ಓಡಿದರೆ ದಿನಕ್ಕೆ ಇನ್ನೂ 6 ಯೂನಿಟ್, ಆಗ ತಿಂಗಳಿಗೆ 300 ದಾಟುತ್ತದೆ.

ನಮ್ಮ ಕಡೆ 1 ಕಿಲೋವ್ಯಾಟಿಗೆ ವರ್ಷದ ಸರಾಸರಿ ದಿನಕ್ಕೆ 4 ಯೂನಿಟ್ ಹಿಡಿಯಬಹುದು. ಬೆಳಗಾವಿ-ಖಾನಾಪುರದ ಮಳೆಗಾಲದಲ್ಲಿ ಇದು ಬಹಳ ಕಮ್ಮಿಯಾಗುತ್ತದೆ, ಬಾಗಲಕೋಟೆ-ವಿಜಯಪುರದಲ್ಲಿ ಅಷ್ಟೊಂದಲ್ಲ. ಹಾಗಂತ ಬಿಸಿಲು ಸುಡುವ ಊರಲ್ಲಿ ಜಾಸ್ತಿ ಬರುತ್ತದೆ ಅನ್ನಬೇಡಿ. ಪ್ಯಾನಲ್ ಕಾಯ್ದಷ್ಟೂ ಕಮ್ಮಿ ಕೊಡುತ್ತದೆ: 25 ಡಿಗ್ರಿ ಮೇಲೆ ಪ್ರತಿ ಡಿಗ್ರಿಗೆ ಸುಮಾರು 0.35%. ಮೇ ಮಧ್ಯಾಹ್ನ ಪ್ಯಾನಲ್ 65 ಡಿಗ್ರಿ ಮುಟ್ಟಿದರೆ 14% ಅಲ್ಲೇ ಹೋಯಿತು. ಅದಕ್ಕೇ ಪ್ಯಾನಲ್ ಕೆಳಗೆ ಗಾಳಿ ಆಡಬೇಕು, ತಗಡಿಗೆ ಅಂಟಿಸಿದಂತೆ ಕೂಡಿಸಬಾರದು.

ಹಾಗಾಗಿ ಎಸಿ ಬಿಟ್ಟರೆ ನಿಮಗೆ 2 ಕಿಲೋವ್ಯಾಟೇ ಧಾರಾಳ. ಎಸಿ ಮತ್ತು ಮುಂದೆ ಇಂಡಕ್ಷನ್ ಒಲೆ ಇದ್ದರೆ 3. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ (2024ರಲ್ಲಿ ಬಂದದ್ದು) ಮೊದಲ 2 ಕಿಲೋವ್ಯಾಟಿಗೆ ತಲಾ ₹30,000, ಮೂರನೇದಕ್ಕೆ ₹18,000, ಒಟ್ಟು ₹78,000. 3ರ ಮೇಲೆ ಎಷ್ಟು ಹಾಕಿದರೂ ಅಷ್ಟೇ. ಸಬ್ಸಿಡಿ ಬೇಕಾದರೆ ಪ್ಯಾನಲ್ ದೇಶದಲ್ಲೇ ಮಾಡಿದ ಸೆಲ್‌ಗಳ ಡಿಸಿಆರ್ ಪ್ಯಾನಲ್ಲೇ ಆಗಬೇಕು. ಅಗ್ಗದ ಕೊಟೇಶನ್‌ನಲ್ಲಿ ಈ ಅಕ್ಷರ ಇದೆಯೋ ಇಲ್ಲವೋ ಮೊದಲು ನೋಡಿ.

ಗೃಹಜ್ಯೋತಿ ಲೆಕ್ಕವನ್ನೂ ಬದಿಗಿಟ್ಟುಕೊಳ್ಳಿ. 200 ಯೂನಿಟ್ ಎನ್ನುವುದು ಗರಿಷ್ಠ ಮಿತಿ, ನಿಮ್ಮ ಹಕ್ಕು ಹಿಂದಿನ ಸರಾಸರಿ ಬಳಕೆಯ ಮೇಲೆ. ಹೊಸ ಮೀಟರಿಗೆ ಹಿಂದಿನ ಬಳಕೆಯೇ ಇರುವುದಿಲ್ಲ, ಆದ್ದರಿಂದ ಪೂರ್ತಿ 200 ಪುಕ್ಕಟೆ ಎಂದು ಹಿಡಿದು ಬಜೆಟ್ ಹಾಕಬೇಡಿ. ಆದರೂ ಎಸಿ ಇಲ್ಲದ ಮನೆಗೆ ಬಿಲ್ಲೇ ಸಣ್ಣದು. ಅಂಥವರು ಪೈಪ್ ಬಿಟ್ಟು, ಒಂದು ವರ್ಷದ ಬಿಲ್ ನೋಡಿಕೊಂಡು ಪ್ಯಾನಲ್ ಹಾಕಿಸುವುದೇ ಜಾಣತನ ಅಂತ ನನ್ನ ಅಭಿಪ್ರಾಯ.

ಕರೆಂಟ್ ಹೋದಾಗಿನ ಮಾತು: ಆನ್‌ಗ್ರಿಡ್ ಸೋಲಾರ್ (ಬ್ಯಾಟರಿಯಿಲ್ಲದೆ ಹೆಸ್ಕಾಂ ಲೈನಿಗೆ ಕೂಡಿಸಿದ್ದು) ಇದ್ದರೆ ಕರೆಂಟ್ ಹೋದ ಕೂಡಲೇ ಸೋಲಾರೂ ಬಂದ್. ಕೆಟ್ಟಿತು ಎಂದಲ್ಲ, ಬೇಕೆಂದೇ ಹಾಗೆ ಮಾಡಿರುತ್ತಾರೆ. ಕಂಬದ ಮೇಲೆ ಲೈನ್‌ಮನ್ ಕೆಲಸ ಮಾಡುವಾಗ ನಿಮ್ಮ ಮನೆಯಿಂದ ಕರೆಂಟ್ ಲೈನಿಗೆ ಹೋಗಬಾರದಲ್ಲ.

ನವನಗರ_ಮನಿ
ಅಂದ್ರ ಬ್ಯಾಟರಿ ಇರೂ ಹೈಬ್ರಿಡ್ ತಗೋಬೇಕೇನ್ರಿ? ಅದು ಭಾಳ ತುಟ್ಟಿ ಅಂತಾರ.

ವಾಯರ್_ಮಾಸ್ತರ (ವಿಜಯಪುರ)
ಒಂದೆರಡು ತಾಸು ಹೋಗೂ ಕರೆಂಟಿಗೆ ಹೈಬ್ರಿಡ್ ಬ್ಯಾಡ್ರಿ. ಆನ್‌ಗ್ರಿಡ್ ಬ್ಯಾರೆ, ಸಾದಾ ಯುಪಿಎಸ್ ಬ್ಯಾರೆ. 12 ವೋಲ್ಟ್ 150 ಎಎಚ್ ಟ್ಯೂಬುಲರ್ ಬ್ಯಾಟರಿ ಅಂದ್ರ ಕಾಗದದ ಮ್ಯಾಲ 1,800 ವ್ಯಾಟ್-ತಾಸು. ಪೂರ್ತಿ ಇಳಸಬಾರದು, ಯುಪಿಎಸ್ ತಾನೂ ತಿಂತೈತಿ, ಕೈಗೆ ಬರೂದು 1,200. ನಾಕು ಫ್ಯಾನ್, ಆರು ಲೈಟ್, ಟಿವಿ, ರೂಟರ್ ಸೇರಿ 265 ವ್ಯಾಟ್ ಆತು. ನಾಕು ತಾಸು ಆರಾಮ ನಡೀತೈತಿ. ಫ್ರಿಜ್, ಮೋಟರ್ ಅದರ ಮ್ಯಾಲ ಹಾಕಬ್ಯಾಡ್ರಿ.

ಯುಪಿಎಸ್ ಕೂಡಸೂ ಮುಂದ ಒಂದು ತಪ್ಪು ಎಲ್ಲಾ ಕಡೆ ಆಗತೈತಿ. ಆರ್‌ಸಿಸಿಬಿ (ಕರೆಂಟ್ ಸೋರಿದ್ರ ಬಂದ್ ಮಾಡೂ ಸ್ವಿಚ್) ಹೋಗೂ ವಾಯರ್, ಬರೂ ವಾಯರ್ ಎರಡರಾಗಿನ ಕರೆಂಟ್ ತೂಗಿ ನೋಡತೈತಿ. 30 ಮಿಲಿಆಂಪ್ ಫರಕು ಬಂದ್ರ ಬೀಳತೈತಿ. ಯುಪಿಎಸ್‌ನ ಫೇಸ್ ಬ್ಯಾರೆ ಕಡೆಯಿಂದ ಬಂದು, ಅದರ ನ್ಯೂಟ್ರಲ್ ಮೇನ್ ನ್ಯೂಟ್ರಲ್ ಪಟ್ಟಿಗೆ ಸೇರಿದ್ರ ಈ ತೂಕ ಕೆಡತೈತಿ. ಫ್ಯಾನ್ ಹಾಕಿದ ಕೂಡ್ಲೇ ಆರ್‌ಸಿಸಿಬಿ ಟಪ್ ಅಂತ ಬಿತ್ತು, ವಾಯರಮನ್ "ಆರ್‌ಸಿಸಿಬಿ ಹಾಳಾಗೈತಿ" ಅಂತ ತಗದ ಒಗದ. ಹಂಗ ಮಾಡಬ್ಯಾಡ್ರಿ. ಯುಪಿಎಸ್ ಸರ್ಕೀಟಿಗೆ ನ್ಯೂಟ್ರಲ್ ಪಟ್ಟಿ ಬ್ಯಾರೆ, ಆರ್‌ಸಿಸಿಬಿನೂ ಬ್ಯಾರೆ. ಅದಕ್ಕ ಪ್ರತಿ ಖೋಲಿಯಿಂದ ಯುಪಿಎಸ್ ನ್ಯೂಟ್ರಲ್ ಡಿಬಿ ತನಕ ಪ್ರತ್ಯೇಕ ಎಳೀಬೇಕು. ಎಂಸಿಬಿ ಅಷ್ಟ ಬ್ಯಾರೆ ಮಾಡಿ ನ್ಯೂಟ್ರಲ್ ಎಲ್ಲಾ ಕೂಡಿ ಕಟ್ಟಿದ್ರ ಏನೂ ಸಾಧಿಸಿದಂಗ ಆಗಲಿಲ್ಲ.

ವಾಯರ್ ಅಳತಿ (ಸ್ಕ್ವೇರ್ ಎಂಎಂ): ಲೈಟು-ಫ್ಯಾನಿಗೆ 1.5, ಸಾದಾ ಪ್ಲಗ್ಗಿಗೆ 2.5, ಎಸಿಗೆ 4. ಎಂಸಿಬಿ ಅನುಕ್ರಮವಾಗಿ 6 ಅಥವಾ 10, 16, 20 ಆಂಪ್. ವಾಯರ್ ಸಣ್ಣದಿದ್ದು ಎಂಸಿಬಿ ದೊಡ್ಡದು ಹಾಕಿದ್ರ ಮೊದಲು ಸುಡೂದು ವಾಯರ್.

ಮೂರು ಫೇಸ್ ತಗೊಂಡ್ರ ಮೇನ್‌ನ್ಯಾಗ ಓವರ್-ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್ ಹಾಕಾಕ ಮರೀಬ್ಯಾಡ್ರಿ. ಕಂಬದ ಮ್ಯಾಲ ನ್ಯೂಟ್ರಲ್ ಕಡಿದ್ರ 230 ಇರೂದು 400ರ ಸನೇಕ ಹೋಗಿ ಟಿವಿ, ಫ್ರಿಜ್ ಒಂದ ಸಲಕ್ಕ ಹೋಗತಾವ.

ಬಿಸಿಲ್_ಲೆಕ್ಕ (ಬೆಳಗಾವಿ)
ಯುಪಿಎಸ್ ಮತ್ತು ಆನ್‌ಗ್ರಿಡ್ ಎರಡೂ ಹಾಕುವುದಾದರೆ ಸೋಲಾರ್ ಇನ್ವರ್ಟರಿನ (ಪ್ಯಾನಲ್ಲಿನ ಡಿಸಿಯನ್ನು ಮನೆಯ ಎಸಿ ಕರೆಂಟ್ ಮಾಡುವ ಪೆಟ್ಟಿಗೆ) ಔಟ್‌ಪುಟ್ ಮೇನ್ ಕಡೆಗೇ ಸೇರಬೇಕು, ಯುಪಿಎಸ್ ಲೈನಿಗೆ ಅಲ್ಲ. ಯುಪಿಎಸ್ ಲೈನಿಗೆ ಸೇರಿಸಿದರೆ ಸೋಲಾರ್ ಇನ್ವರ್ಟರ್ ಅದನ್ನೇ ಗ್ರಿಡ್ ಎಂದು ತಿಳಿದು ಅದರೊಳಕ್ಕೆ ಕರೆಂಟ್ ತಳ್ಳುತ್ತದೆ, ಯುಪಿಎಸ್ ಸುಡುತ್ತದೆ.

ಹೈಬ್ರಿಡ್ ಬಗ್ಗೆ ಮಾಸ್ತರ ಮಾತಿಗೆ ಪೂರ್ತಿ ಒಪ್ಪಿಗೆಯಿಲ್ಲ. ಹಳ್ಳಿಯಲ್ಲಿ ದಿನಕ್ಕೆ ಐದಾರು ತಾಸು ಕರೆಂಟ್ ಇಲ್ಲದ ಫೀಡರ್‌ ಮೇಲೆ ಮನೆಯಿದ್ದರೆ ಆನ್‌ಗ್ರಿಡ್ ಹಗಲೆಲ್ಲ ಸುಮ್ಮನೆ ಕೂತಿರುತ್ತದೆ, ಅಲ್ಲಿ ಹೈಬ್ರಿಡ್ಡೇ ಲಾಭ. ನವನಗರಕ್ಕೆ ಬೇಡ.

ಇನ್ವರ್ಟರಿನಿಂದ ಡಿಬಿಗೆ ಬರುವ ಎಸಿ ವಾಯರ್ ಬಗ್ಗೆ ಯಾರೂ ಲೆಕ್ಕ ಹಾಕುವುದಿಲ್ಲ. 3 ಕಿಲೋವ್ಯಾಟ್ ಅಂದರೆ 13 ಆಂಪ್. 20 ಮೀಟರ್ ದೂರಕ್ಕೆ 2.5ರ ವಾಯರ್ ಎಳೆದರೆ ಹೋಗಿ ಬರುವ ಹಾದಿಯಲ್ಲಿ ಸುಮಾರು 4 ವೋಲ್ಟ್ ವ್ಯತ್ಯಾಸ, 6ರದ್ದಾದರೆ 1.6. ಮನೆಯಲ್ಲಿ ಬಳಸುವಾಗ ವೋಲ್ಟೇಜ್ ಇಳಿದರೆ ಗೊತ್ತಾಗುವುದಿಲ್ಲ, ಆದರೆ ಸೋಲಾರ್ ತಳ್ಳುವಾಗ ಅದು ಏರುತ್ತದೆ. ಮಧ್ಯಾಹ್ನ ಲೋಡ್ ಇಲ್ಲದ ಬಡಾವಣೆಯಲ್ಲಿ ಲೈನ್ ಮೊದಲೇ 248-250 ವೋಲ್ಟ್ ಇರುತ್ತದೆ. ಇನ್ವರ್ಟರ್ ತನ್ನ ಮೇಲಿನ ಮಿತಿ ಮುಟ್ಟಿ ಬಂದ್ ಆಗುತ್ತದೆ. ಚೊಕ್ಕ ಬಿಸಿಲಲ್ಲೇ 12ರಿಂದ 2ರವರೆಗೆ ಯೂನಿಟ್ ಬರದಿದ್ದರೆ ಮೊದಲು ಪ್ಯಾನಲ್ಲನ್ನು ಬೈಯಬೇಡಿ, ಇನ್ವರ್ಟರ್ ಡಿಸ್‌ಪ್ಲೇಯಲ್ಲಿ ಎಸಿ ವೋಲ್ಟೇಜ್ ನೋಡಿ.

ಜಾಗದ ಮಾತು: 550 ವ್ಯಾಟಿನ ಪ್ಯಾನಲ್ 2.28 ಮೀಟರ್ ಉದ್ದ, 1.13 ಅಗಲ, ತೂಕ 28 ಕೆಜಿ ಸುಮಾರು. ಆರು ಪ್ಯಾನಲ್ ಒಂದೇ ಸಾಲಿಗೆ ಪೂರ್ವ-ಪಶ್ಚಿಮ 6.9 ಮೀಟರ್ ಬೇಕು. ಮುಖ ದಕ್ಷಿಣಕ್ಕೆ, ಓರೆ 15-16 ಡಿಗ್ರಿ. ಹಿಂದಿನ ತುದಿ ಮುಂದಿನದಕ್ಕಿಂತ ಎರಡು ಅಡಿ ಎತ್ತರ. ಹೆಡ್‌ರೂಮ್ ಮತ್ತು ಸಿಂಟೆಕ್ಸ್ ಟ್ಯಾಂಕ್ ಎರಡನ್ನೂ ಉತ್ತರದ ಕಡೆ ಇಡಲು ಸಾಧ್ಯವೇ ನೋಡಿ. ದಕ್ಷಿಣದಲ್ಲಿ 8 ಅಡಿ ಹೆಡ್‌ರೂಮ್ ಇದ್ದರೆ ಡಿಸೆಂಬರಿನಲ್ಲಿ ಮಧ್ಯಾಹ್ನ 12ಕ್ಕೆ ಅದರ ನೆರಳು ಆರೂವರೆ ಅಡಿ, ಮುಂಜಾನೆ 9ಕ್ಕೆ 13 ಅಡಿಗಿಂತ ಜಾಸ್ತಿ ಬೀಳುತ್ತದೆ. ಸಾಲಾಗಿ ಜೋಡಿಸಿದ ಪ್ಯಾನಲ್‌ನಲ್ಲಿ ಒಂದರ ಮೂಲೆಗೆ ನೆರಳು ಬಿದ್ದರೂ ಇಡೀ ಸಾಲಿಗೆ ಪೆಟ್ಟು.

ಎರಿ_ಹೊಲ (ಮುಧೋಳ)
ಅರ್ಥಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ಎರಿ ಮಣ್ಣು ಮಳಿಗಾಲದಾಗ ಚಲೋ, ಬ್ಯಾಸಿಗ್ಯಾಗ ಬಿರಿದು ರಾಡ್‌ನ ಮೈ ಬಿಟ್ಟು ದೂರ ಸರೀತೈತಿ. ನಡುವ ಗಾಳಿ ನಿಂತ ಮ್ಯಾಲ ಅರ್ಥಿಂಗ್ ಹೆಸರಿಗಷ್ಟ. ಉಪ್ಪು-ಇದ್ದಲಿ ಹಾಕಿದ್ರ ಎರಡು ಮಳಿಗಾಲಕ್ಕ ಉಪ್ಪು ಕರಗಿ ಹೋಗತೈತಿ, ಇದ್ದಷ್ಟು ದಿನ ಕಬ್ಬಿಣ ತಿಂತೈತಿ. 3 ಮೀಟರ್ ತಾಮ್ರದ ಲೇಪದ ರಾಡ್, ಸುತ್ತ ಬೆಂಟೊನೈಟ್ ಪುಡಿ ನೀರಿನ್ಯಾಗ ಕಲಸಿ ಸುರೀರಿ. ಅದು ನೀರು ಹೀರಿ ಹಿಗ್ಗಿ ರಾಡಿಗೆ ಹಿಡಕೊಂಡಿರತೈತಿ, ಪೂರ್ತಿ ಒಣಗಿದ್ರ ಅದೂ ಕುಗ್ಗತೈತಿ, ಅದಕ್ಕ ಹಸಿ ಇಡಬೇಕು. ಮ್ಯಾಲ ಚೇಂಬರ್ ಕಟ್ಟಿ ಮುಚ್ಚಳ ಇಡ್ರಿ. ಖೋಲಿ ಎಸಿಯಿಂದ ತೊಟ್ಟಿಕ್ಕೂ ನೀರು ಆ ಚೇಂಬರಿಗೆ ಬಿಟ್ರ ಬ್ಯಾಸಿಗ್ಯಾಗ ತಾನ ಹಸಿ ಇರತೈತಿ.

ಸೋಲಾರಿಗೆ ಮೂರು ಗುಂಡಿ: ಡಿಸಿ ಕಡೆ ಒಂದು, ಎಸಿ ಕಡೆ ಒಂದು, ಸಿಡಿಲು ತಡಿಯೂ ರಾಡಿಗೆ ಒಂದು. ಒಂದರಿಂದ ಒಂದು 3 ಮೀಟರ್ ಬಿಟ್ಟಿರಬೇಕು. ಅರ್ಥ್ ಟೆಸ್ಟರ್ ತರಿಸಿ ಮೇ ತಿಂಗಳದಾಗ ನೋಡ್ರಿ, 5 ಓಮ್ ಒಳಗಿರಬೇಕು. ಮಳಿ ಆದ ಮರುದಿನ ನೋಡಿದ ರೀಡಿಂಗ್ ನಂಬಬ್ಯಾಡ್ರಿ. ಕಾಂಪೌಂಡ್ ಕಾಂಕ್ರೀಟ್ ಹಾಕೂಕಿಂತ ಮೊದಲ ಗುಂಡಿ ತೋಡಸ್ರಿ.

ಇನ್ನೊಂದು, ಪ್ಯಾನಲ್ ಬೋರ್ ನೀರಿನಿಂದ ತೊಳೀಬ್ಯಾಡ್ರಿ. ನಮ್ಮ ನೀರಿನ ಗಡಸುತನ ಬಿಳಿ ಕಲೆಯಾಗಿ ಕೂತ್ರ ಉಜ್ಜಿದ್ರೂ ಹೋಗೂದಿಲ್ಲ. ಸಕ್ಕರಿ ಫ್ಯಾಕ್ಟರಿ ನಡದಾಗ ಈ ಕಡೆ ಬೂದಿ ಬೀಳತೈತಿ, ಆಗ ಹದಿನೈದು ದಿನಕ್ಕೊಮ್ಮೆ ಮುಂಜಾನಿ ಬಿಸಲ ಏರೂ ಮೊದಲ ಮಳಿನೀರು ಇಲ್ಲಾ ಆರ್‌ಒ ನೀರಿನಿಂದ ತೊಳೀರಿ.

ನವನಗರ_ಮನಿ
ಭಾಳ ಉಪಕಾರ ಆತ್ರಿ. ಎರಡ ಪ್ರಶ್ನೆ ಉಳದಾವ. ಮ್ಯಾಲ ಅಂತಸ್ತು ಕಟ್ಟೂದಾದ್ರ ಈಗ ಹಾಕಿದ ಸ್ಟ್ರಕ್ಚರ್ ಏನ್ ಮಾಡೂದು? ಮತ್ತ ಈಗ ಕಟ್ಟಡಕ್ಕ ಟೆಂಪರರಿ ಕನೆಕ್ಷನ್ ಐತಿ, ಅದರ ಮ್ಯಾಲ ಸೋಲಾರ್ ಅರ್ಜಿ ಹಾಕಬಹುದೇನು?

ಬಿಸಿಲ್_ಲೆಕ್ಕ (ಬೆಳಗಾವಿ)
ಟೆಂಪರರಿ ಮೇಲೆ ಆಗುವುದಿಲ್ಲ. ಮನೆಬಳಕೆಯ ಪರ್ಮನೆಂಟ್ ಆರ್‌ಆರ್ ನಂಬರ್ ಬರಬೇಕು, ಬಿಲ್ ಮೇಲಿನ ಹೆಸರು, ಆಧಾರ್, ಸಬ್ಸಿಡಿ ಬರುವ ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಇರಬೇಕು. ಅಪ್ಪನ ಹೆಸರಿನ ಸೈಟಿಗೆ ಮಗನ ಖಾತೆ ಕೊಟ್ಟು ಸಿಕ್ಕಿಹಾಕಿಕೊಳ್ಳುವವರು ಬಹಳ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕಟ್ಟಡ ಪೂರ್ಣಗೊಂಡ ಪ್ರಮಾಣಪತ್ರವಿಲ್ಲದೆ ಪರ್ಮನೆಂಟ್ ಕರೆಂಟ್ ಕೊಡುವ ವಿಷಯ ಬಿಗಿಯಾಗಿತ್ತು, ಆಮೇಲೆ ನಿಯಮ ಬದಲಾಗಿರಬಹುದು, ಹಾಗಾಗಿ ಮಂಜೂರಾದ ನಕ್ಷೆ ಬಿಟ್ಟು ಕಟ್ಟಿದ್ದರೆ ಈಗಲೇ ಹೆಸ್ಕಾಂ ಸೆಕ್ಷನ್ ಆಫೀಸಿನಲ್ಲಿ ಯಾವ ಕಾಗದ ಬೇಕು ಕೇಳಿಕೊಳ್ಳಿ.

ಸ್ಟ್ರಕ್ಚರ್ ಕಾಲುಗಳನ್ನು ಸ್ಲ್ಯಾಬಿಗೆ ಡ್ರಿಲ್ ಹೊಡೆಯಬೇಡಿ. ಒಂದು ಅಡಿ ಘನದ ಕಾಂಕ್ರೀಟ್ ದಿಮ್ಮಿಗಳಲ್ಲಿ ಬೋಲ್ಟ್ ನೆಟ್ಟು ಅದರ ಮೇಲೆ ಕಾಲು ನಿಲ್ಲಿಸಿ. ಗಾಳಿಗೆ ಎಷ್ಟು ದಿಮ್ಮಿ, ಎಷ್ಟು ತೂಕ ಎಂಬುದನ್ನು ಕೂಡಿಸುವವರಿಂದ ಬರಹದಲ್ಲಿ ತಗೊಳ್ಳಿ. ಮೇಲೆ ಕಟ್ಟುವಾಗ ಬೋಲ್ಟ್ ಬಿಚ್ಚಿ ಎತ್ತಿದರಾಯಿತು. ಆದರೆ ಡಿಸಿ ವಾಯರನ್ನು ಎತ್ತರಕ್ಕೆ ಸಾಕಾಗುವಂತೆ ಜಾಸ್ತಿ ಬಿಟ್ಟಿರಬೇಕು, ಇಲ್ಲವಾದರೆ ನಡುವೆ ಜಾಯಿಂಟ್ ಬೀಳುತ್ತದೆ. ಎಂಸಿ4 ಕನೆಕ್ಟರ್ (ಪ್ಯಾನಲ್ ವಾಯರ್ ಕೂಡಿಸುವ ಕ್ಲಿಪ್) ಒಂದು ಕಂಪನಿಯದ್ದಕ್ಕೆ ಇನ್ನೊಂದನ್ನು ಒತ್ತಿ ಕೂಡಿಸಿದರೆ ಕೂಡುತ್ತದೆ; ಬಿಸಿಲಲ್ಲಿ ಕಾಯ್ದು ಒಂದೆರಡು ವರ್ಷಕ್ಕೆ ಕರಗುವುದೂ ಅಲ್ಲೇ.

ವಾಯರ್_ಮಾಸ್ತರ (ವಿಜಯಪುರ)
ಅಂತಸ್ತು ಕಟ್ಟೂ ವಿಚಾರ ಇದ್ರ ಆ ಮೂರು ಪೈಪ್ ಹೆಡ್‌ರೂಮ್ ಗ್ವಾಡ್ಯಾಗ ಬರೇ ಬೆಂಡ್ ಹಾಕಿ ನಿಲ್ಲಸಬ್ಯಾಡ್ರಿ, ಅಲ್ಲೊಂದು 8 ಇಂಚಿನ ಬಾಕ್ಸ್ ಹಾಕಿ ಮುಚ್ಚಳ ಇಡ್ರಿ. ಮುಂದ ಅಲ್ಲಿಂದ ಮ್ಯಾಲಕ್ಕ ಎಳೀಬಹುದು. ಸೋಮವಾರ ಕಾಂಕ್ರೀಟ್ ಸುರಿಯೂ ಮೊದಲ ಪ್ರತಿ ಖೋಲಿಯ ಪೈಪಿನ ಫೋಟೋ ತಗೀರಿ, ಗ್ವಾಡಿಯಿಂದ ಟೇಪ್ ಹಿಡದು ಅಂಕಿ ಕಾಣೂ ಹಂಗ. ಮ್ಯಾಲಿನ ಬಾಯಿಗೆ ಕಾಗದ ತುರುಕಬ್ಯಾಡ್ರಿ, ಕ್ಯಾಪ್ ಹಾಕಸ್ರಿ.