ಪಕ್ಕದವರಿಗೆ ಏನೂ ಆಗಿಲ್ಲ, ಅವ್ವನ ಚರ್ಮ ಮಾತ್ರ ಯಾಕೆ ಸುಲಿಯುತ್ತಿದೆ?

ವಿಜಯಪುರದಿಂದ:
ಅವ್ವನಿಗೆ ಎದೆಯ ಕ್ಯಾನ್ಸರ್. ಆಪರೇಷನ್ ಆಗಿದೆ. ಈಗ ರೇಡಿಯೇಷನ್, ಅಂದ್ರೆ ಕರೆಂಟ್ ಕೊಡಿಸೋದು ಅಂತಾರಲ್ಲ, ಅದು ನಡೆದಿದೆ. ಒಟ್ಟು 15 ಸಲ, 12 ಮುಗಿದಿವೆ. ಕಂಕುಳಲ್ಲಿ ಚರ್ಮ ಕಪ್ಪಾಗಿ ಸುಲಿಯುತ್ತಿದೆ. ಅದೇ ಮಷಿನ್, ಅಷ್ಟೇ ಡೋಸು ತಗೊಂಡ ಇನ್ನೊಬ್ಬ ಅಮ್ಮನಿಗೆ ಬರೀ ಸ್ವಲ್ಪ ಕೆಂಪಾಗಿದೆ. ನಮಗೆ ಡೋಸು ಜಾಸ್ತಿ ಆಯ್ತಾ? ಡಿಎನ್‌ಎ ಟೆಸ್ಟ್ ಮಾಡಿಸಿದರೆ ಗೊತ್ತಾಗುತ್ತಂತೆ, ಹೌದಾ? ಉಳಿದ ಮೂರು ಬಿಡಿಸಿಬಿಡಲಾ?

ಬೆಳಗಾವಿಯಿಂದ:
ತಂಗಿ, ಆ ಮೂರನ್ನು ಬಿಡಿಸಬೇಡಿ. ನಮ್ಮ ಮನೆಯವರಿಗೆ ಗಂಟಲ ಕ್ಯಾನ್ಸರ್, ಏಳು ವಾರ, 35 ಸಲ ಕೊಡಿಸಿದೆವು. ದಿನಾ ಅದೇ ಬೆಂಚಿನ ಮೇಲೆ ಕೂರುತ್ತಿದ್ದ ನಿಪ್ಪಾಣಿ ಕಡೆಯ ಕಾಕಾ ಐದನೇ ವಾರದಲ್ಲೂ ಹಾಲಲ್ಲಿ ರೊಟ್ಟಿ ನೆನೆಸಿ ತಿನ್ನುತ್ತಿದ್ದರು. ಇವರಿಗೆ ಮೂರನೇ ವಾರಕ್ಕೇ ಬಾಯೆಲ್ಲ ಹುಣ್ಣು. ತಣ್ಣನೆಯ ಅಂಬಲಿಯನ್ನೂ ಕಣ್ಣು ಮುಚ್ಚಿ, ಮುಷ್ಟಿ ಬಿಗಿ ಹಿಡಿದು ನುಂಗುತ್ತಿದ್ದರು. ನೋಡಲಾಗದೆ ನಾಲ್ಕು ದಿನ ಕರೆದುಕೊಂಡೇ ಹೋಗಲಿಲ್ಲ. ಆಮೇಲೆ ಡಾಕ್ಟರ್ ಕೂರಿಸಿ ಹೇಳಿದರು, ನಡುವೆ ಬಿಟ್ಟರೆ ಉಳಿದ ಕ್ಯಾನ್ಸರ್ ಕೋಶಗಳಿಗೆ ಮತ್ತೆ ಬೆಳೆಯಲು ಸಮಯ ಸಿಗುತ್ತೆ ಅಂತ. ಆ ನಾಲ್ಕು ದಿನ ಇವತ್ತಿಗೂ ನನ್ನ ಮನಸ್ಸಿನಲ್ಲಿ ಕೊರೆಯುತ್ತವೆ. ನೋವಿಗೆ ಔಷಧಿ ಕೇಳಿ, ಗಟ್ಟಿಯಾಗಿ ಕೇಳಿ, ಆದರೆ ಬಿಡಿಸಬೇಡಿ.

ಬಾಗಲಕೋಟೆಯಿಂದ:
ನಾನು ಜೀವಶಾಸ್ತ್ರ ಪಾಠ ಮಾಡುವವಳು, ನನ್ನ ಅಕ್ಕನಿಗೂ ಇದೇ ಚಿಕಿತ್ಸೆ ಆಗಿದೆ. ಒಂದೇ ಮಳೆ ಬಿದ್ದರೂ ಎರಿ ಹೊಲ ನೀರು ಹಿಡಿದಿಟ್ಟುಕೊಳ್ಳುತ್ತೆ, ಮಸಾರಿ ಬೇಗ ಒಣಗುತ್ತೆ, ಅಲ್ವಾ? ಮೈಯೂ ಹಾಗೆಯೇ. ರೇಡಿಯೇಷನ್ ಕೋಶದೊಳಗಿನ ಡಿಎನ್‌ಎ ಎಳೆಯನ್ನು ಕತ್ತರಿಸುತ್ತೆ, ಒಳ್ಳೆಯ ಕೋಶ ಅದನ್ನು ಹೊಲಿದುಕೊಳ್ಳುತ್ತೆ. ಆ ಹೊಲಿಗೆ ಎಷ್ಟು ಚುರುಕು ಅನ್ನೋದು ಸ್ವಲ್ಪ ಮಟ್ಟಿಗೆ ಹುಟ್ಟಿನಿಂದಲೇ ಬಂದಿರುತ್ತೆ. ಈ ಹೊಲಿಗೆಗೆ ಬೇಕಾದ ಎಟಿಎಂ ಅನ್ನೋ ಜೀನಿನ (ವಂಶವಾಹಿಯ) ಎರಡೂ ಪ್ರತಿ ಕೆಟ್ಟು ಹುಟ್ಟಿದ ಮಕ್ಕಳಿಗೆ ಮಾಮೂಲಿ ಡೋಸೇ ಜೀವಕ್ಕೆ ಅಪಾಯ, ಆದರೆ ಅದು ಬಹಳ ಅಪರೂಪ. ನಮ್ಮ ನಿಮ್ಮಂಥವರಲ್ಲಿ ನೂರಾರು ಸಣ್ಣ ಸಣ್ಣ ವ್ಯತ್ಯಾಸ ಸೇರಿ ಕೆಲಸ ಮಾಡುತ್ತವೆ, ಒಂದೊಂದರ ಪಾಲು ತೀರಾ ಕಡಿಮೆ. ಜೊತೆಗೆ ಸಕ್ಕರೆ ಕಾಯಿಲೆ, ತಂಬಾಕು, ಮೈಕಟ್ಟು ಇವೂ ಸೇರುತ್ತವೆ. ಕಂಕುಳಲ್ಲಿ ಚರ್ಮ ಉಜ್ಜಿ ಬೆವರುತ್ತೆ, ಹಾಗಾಗಿ ಅಲ್ಲೇ ಮೊದಲು ಸುಲಿಯುತ್ತೆ. ಸುಲಿದ ಮಾತ್ರಕ್ಕೆ ಡೋಸು ತಪ್ಪಿದೆ ಅಂತಲ್ಲ.

ಟೆಸ್ಟ್ ವಿಷಯ. ಸುಮ್ನೆ ದುಡ್ಡು ಸುರಿಯಬೇಡಿ. ಮೊದಲು ಸಣ್ಣ ಸಣ್ಣ ಅಧ್ಯಯನಗಳಲ್ಲಿ ಈ ಜೀನ್ ಕಾರಣ, ಆ ಜೀನ್ ಕಾರಣ ಅಂತ ಹೇಳಿದ್ದನ್ನು ಬ್ರಿಟನ್ನಿನಲ್ಲಿ 1,613 ರೋಗಿಗಳ ಮೇಲೆ ಮತ್ತೆ ಪರೀಕ್ಷಿಸಿದರು. 46 ಜೀನುಗಳ 92 ವ್ಯತ್ಯಾಸ ನೋಡಿದರು, ಒಂದೂ ನಿಲ್ಲಲಿಲ್ಲ. ಅದು 2012ರ ಮಾತು. ಆಮೇಲೆ ಇನ್ನೂ ಹೆಚ್ಚು ಜನರನ್ನು ಸೇರಿಸಿ ನೋಡಿದಾಗ ಒಂದೆರಡು ಕಂಡಿವೆ, ಎಟಿಎಂನದೇ ಒಂದು ವ್ಯತ್ಯಾಸವೂ ಸೇರಿ, ಆದರೆ ಅದನ್ನು ನಂಬಿ ಒಬ್ಬರ ಡೋಸು ಬದಲಿಸುವಷ್ಟು ಅಲ್ಲ. ಎದೆಯ ಕ್ಯಾನ್ಸರ್ ಭಯ ಹೆಚ್ಚಿಸುವ ಬಿಆರ್‌ಸಿಎ ಜೀನ್ ದೋಷ ಇದ್ದರೆ ಕರೆಂಟೇ ಬೇಡ ಅಂತ ಯಾರೋ ಹೇಳಬಹುದು, ಅದೂ ಸರಿಯಲ್ಲ. ಒಂದು ಮಾತ್ರ ಈಗಲೇ ಮಾಡಿ. ನಿಮ್ಮ ಮನೆತನದಲ್ಲಿ ಚಿಕ್ಕ ವಯಸ್ಸಿನಲ್ಲೇ ಹಲವರಿಗೆ ಕ್ಯಾನ್ಸರ್ ಬಂದಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಕ್ಯಾನ್ಸರ್ ಬರದಂತೆ ಕಾಯುವ ಟಿಪಿ53 ಅನ್ನೋ ಜೀನ್ ಹುಟ್ಟಿನಿಂದ ಕೆಟ್ಟಿದ್ದವರಿಗೆ ರೇಡಿಯೇಷನ್‌ನಿಂದಲೇ ಮುಂದೆ ಇನ್ನೊಂದು ಕ್ಯಾನ್ಸರ್ ಬರುವ ಭಯ ಜಾಸ್ತಿ.

ಮುಧೋಳದಿಂದ:
ನನಗೆ ಮುಗಿದ ಮೇಲೆ ಒಂದು ವಾರ ಇನ್ನೂ ಜೋರಾಗಿತ್ತು, ಆಮೇಲೆ ಇಳಿಯಿತು. ಹೆದರಬೇಡಿ. ಬಿಗಿ ಕುಪ್ಪಸ ಬೇಡ, ಹಳೇ ಕಾಟನ್ ಸೀರೆಯ ಸಡಿಲ ಅಂಗಿ ಹೊಲಿಸಿ. ಅರಿಶಿನ, ಎಣ್ಣೆ ಅಂತ ಮನೆಮದ್ದು ಹಚ್ಚಬೇಡಿ.

ವಿಜಯಪುರದಿಂದ, ಮತ್ತೆ:
ಅಕ್ಕಂದಿರೇ, ಇವತ್ತು ಡಾಕ್ಟರಿಗೆ ತೋರಿಸಿದೆ. ಮುಲಾಮು ಬದಲಿಸಿಕೊಟ್ಟರು. ಚಿಗವ್ವನಿಗೂ 34ಕ್ಕೇ ಎದೆಯ ಕ್ಯಾನ್ಸರ್ ಆಗಿತ್ತು. ಇಷ್ಟು ದಿನ ಮನೆಯಲ್ಲಿ ಯಾರೂ ಅದರ ಮಾತೇ ಎತ್ತುತ್ತಿರಲಿಲ್ಲ, ಇವತ್ತು ಹೇಳಿದೆ. ಬರೆದುಕೊಂಡರು, ಇನ್ನೂ ಯಾರಿಗಾದರೂ ಬಂದಿತ್ತಾ ಅಂತ ಕೇಳಿದರು. ಅವ್ವ ಯೋಚನೆ ಮಾಡುತ್ತಾ ಕೂತಿದ್ದಾಳೆ. ನಾಳೆ 13ನೇದು.